ಹಡಗಿನ ಎಡಮಗ್ಗುಲು

ಸಿನಿಮಾದಲ್ಲಿ ಹಾರುವ ಹಡಗಿಗೆ ಇರುವುದು ಒಂದೇ ಮಗ್ಗುಲು. ನೋಡುವವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಾಗಲೂಬಾರದು. ಕ್ಯಾಮೆರಾ ಯಾವ ಕಡೆ ನಿಲ್ಲುತ್ತದೋ ಆ ಕಡೆಗೆ ಮಾತ್ರ ಕಿಟಕಿ, ಕೊಳವೆ, ಬಣ್ಣ, ತುಕ್ಕು ಎಲ್ಲ. ಇನ್ನೊಂದು ಕಡೆ ಬರೀ ಮರದ ಪಟ್ಟಿ, ಒಣಗಿದ ಅಂಟು, ಬಲ್ಬುಗಳಿಗೆ ಹೋಗುವ ವೈರು, ಹಡಗನ್ನು ಎತ್ತಿ ಹಿಡಿಯುವ ಕಬ್ಬಿಣದ ಸಲಾಕೆಗೊಂದು ತೂತು. ಕಾಣದ ಕಡೆಗೆ ಕೆಲಸ ಮಾಡುವವನು ದಡ್ಡ ಎಂದು ಮೇಸ್ತ್ರಿ ಮೂವತ್ತು ವರ್ಷ ಕೈಕೆಳಗಿನವರಿಗೆಲ್ಲ ಹೇಳಿಕೊಟ್ಟಿದ್ದ. ಕೊನೆಗೆ ಆ ದಡ್ಡತನವನ್ನು ತಾನೇ ಮಾಡಿದ, ಅದೂ ಅರವತ್ತೆರಡನೇ ವಯಸ್ಸಿನಲ್ಲಿ, ಅದೂ ಮನಸಾರೆ.

ಅವನು ಸಿನಿಮಾಗಳಿಗೆ ಪುಟ್ಟ ಮಾದರಿಗಳನ್ನು ಮಾಡುವವನು. ಮುಳುಗುವ ದೋಣಿ, ಕುಸಿಯುವ ಸೇತುವೆ, ಉರಿದು ಬೀಳುವ ಕಟ್ಟಡ, ಹೀಗೆ ಏನು ಹಾಳಾಗಬೇಕಿದ್ದರೂ ಮೊದಲು ಅವನ ಮೇಜಿನ ಮೇಲೆ ಹುಟ್ಟಬೇಕಿತ್ತು. ಆಮೇಲೆ ಹಾಳು ಮಾಡುವ ಕೆಲಸವನ್ನೂ ಕಂಪ್ಯೂಟರೇ ವಹಿಸಿಕೊಂಡಿತು. ಹಟಮಾರಿ ನಿರ್ದೇಶಕನೊಬ್ಬ ಮಾತ್ರ, ನನ್ನ ಅಂತರಿಕ್ಷದ ಹಡಗನ್ನು ಕೈಯಲ್ಲಿ ಮುಟ್ಟುವ ಹಾಗಿರಬೇಕು ಎಂದು ಪಟ್ಟು ಹಿಡಿದು ಇವನನ್ನು ಹುಡುಕಿಕೊಂಡು ಬಂದ. ಮೇಸ್ತ್ರಿ ಅವನಿಗೆ ಒಂದು ಆಳುದ್ದದ ಹಡಗು ಮಾಡಿಕೊಟ್ಟ. ಸಿನಿಮಾದುದ್ದಕ್ಕೂ ಅದು ಪರದೆಯ ಎಡದಿಂದ ಬಲಕ್ಕೇ ಹಾರುತ್ತದೆ, ಒಮ್ಮೆಯೂ ವಾಪಸು ಬರುವುದಿಲ್ಲ. ಯಾಕೆಂದರೆ ವಾಪಸು ಬಂದರೆ ಮರದ ಪಟ್ಟಿ ಕಾಣುತ್ತದೆ. ಚಿತ್ರೀಕರಣ ಮುಗಿದ ಮೇಲೆ ಹಡಗು ಮೇಸ್ತ್ರಿಯ ಕೊಟ್ಟಿಗೆಗೇ ಮರಳಿತು. ಅಲ್ಲಿಂದಾಚೆಗೆ ಎಂಟು ತಿಂಗಳು ಯಾರೂ ಇವನನ್ನು ಕರೆಯಲಿಲ್ಲ. ಕೊಟ್ಟಿಗೆಗೆ ಬೀಗ ಜಡಿದು ಮನೆಯಲ್ಲಿ ಕೂತ. ಹೆಂಡತಿ ತಟ್ಟೆ ಇಟ್ಟರೆ ಉಂಡ, ಇಡದಿದ್ದರೆ ಕೇಳಲಿಲ್ಲ.

ಸಿನಿಮಾ ಬರುವ ಹೊತ್ತಿಗೆ ಅದರ ಹೆಸರಿನಲ್ಲಿ ಒಂದು ಆಟವನ್ನೂ ಬಿಡುವುದು ಈಗಿನ ರೂಢಿ. ಇದಕ್ಕೂ ಒಂದು ಆಟ ತಯಾರಾಗುತ್ತಿತ್ತು. ಮನೆಯಲ್ಲೇ ಕೂತು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು, ತಲೆಗೊಂದು ಹಡಗು ಹಿಡಿದು ಹದಿನಾರು ಜನ ಹದಿನಾರು ಊರುಗಳಿಂದ ಒಬ್ಬರನ್ನೊಬ್ಬರು ಅಟ್ಟಾಡಿಸಿ ಸುಡುವುದು, ಸತ್ತವನು ಐದು ಸೆಕೆಂಡಿನಲ್ಲಿ ಮತ್ತೆ ಹುಟ್ಟಿ ಬಂದು ಸುಡುವುದು. ಇದನ್ನು ತಯಾರು ಮಾಡುವ ಆಫೀಸಿನಲ್ಲಿ ಮೇಸ್ತ್ರಿಯ ಮಗಳು ಕೆಲಸಕ್ಕಿದ್ದಳು. ನಿಜವಾದ ವಸ್ತುವಿನ ನೂರಾರು ಫೋಟೋ ತೆಗೆದು ಕಂಪ್ಯೂಟರಿನೊಳಗೆ ಅದರ ಆಕಾರ ಎಬ್ಬಿಸುವುದು ಅವಳ ಕಸುಬು. ಅಪ್ಪನ ಕೈಯಿಂದ ಕೆಲಸ ಕಿತ್ತುಕೊಂಡ ಕಸುಬೇ ಮಗಳಿಗೆ ಅನ್ನ ಹಾಕುತ್ತಿತ್ತು. ಈ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

ಹಡಗಿನ ಫೋಟೋ ಬೇಕು ಎಂದು ಮಗಳು ಕ್ಯಾಮೆರಾ ಹಿಡಿದು ಬಂದಾಗ ಮೇಸ್ತ್ರಿಯೇ ಎದ್ದು ಬೀಗದ ಕೈ ಹುಡುಕಿದ. ಅವಳು ಬಲಗಡೆ ಮುಗಿಸಿ ಮೇಜು ಸುತ್ತಿ ಎಡಗಡೆಗೆ ಬಂದು ನಿಂತಳು. ಮೇಸ್ತ್ರಿಗೆ, ನೆಂಟರ ಮುಂದೆ ಹರಿದ ಬನಿಯನ್ನಿನಲ್ಲಿ ನಿಂತಷ್ಟು ನಾಚಿಕೆಯಾಯಿತು. ಆಟದಲ್ಲಿ ಹಡಗು ತಿರುಗುತ್ತದೆಯೇ ಎಂದು ಕೇಳಿದ. ಆಡುವವರು ಹೇಗೆ ಬೇಕಾದರೂ ತಿರುಗಿಸುತ್ತಾರೆ, ತಲೆಕೆಳಗೂ ಮಾಡುತ್ತಾರೆ ಎಂದಳು.

"ಹಾಗಿದ್ರೆ ಈ ಕಡೆ ತೆಗೀಬೇಡ ಮಗಳೇ," ಎಂದ. "ನನಗೆ ಸ್ವಲ್ಪ ದಿನ ಕೊಡು. ಎಡಗಡೇನೂ ಮಾಡಿಕೊಡ್ತೀನಿ."

ಅವಳು ಒಂದು ಕ್ಷಣ ಅಪ್ಪನ ಮುಖವನ್ನೇ ನೋಡಿದಳು. ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎಂದಳು. ಮರುದಿನ ಸಂಜೆ ಬಂದು, ಒಪ್ಪಿದ್ದಾರೆ, ಮೂರು ವಾರ ಕೊಟ್ಟಿದ್ದಾರೆ ಎಂದಳು.

ಆ ಮೂರು ವಾರ ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಣ್ಣದಣ್ಣನನ್ನು ಕರೆದುಕೊಂಡು ಬಂದ. ಬಣ್ಣದಣ್ಣ ಇವನಿಗಿಂತ ಹತ್ತು ವರ್ಷ ದೊಡ್ಡವನು, ಇವನು ಮಾಡಿದ್ದಕ್ಕೆಲ್ಲ ಬಣ್ಣ ಹಚ್ಚಿದವನು. ಈಗ ಕಣ್ಣಿಗೆ ಪೊರೆ ಬಂದು, ಆಪರೇಷನ್ನೂ ಕೈಕೊಟ್ಟು, ಮೂಗಿನ ಹತ್ತಿರ ತಂದರೆ ಬಣ್ಣ ಕಾಣುವುದು, ದೂರ ಹೋದರೆ ಮಂಜು. ಮನೆಯಲ್ಲಿ ಸೊಸೆ ಅವನ ಕೈಗೆ ಕಾಫಿ ಲೋಟವನ್ನೂ ಅರ್ಧ ತುಂಬಿಸಿ ಕೊಡುತ್ತಿದ್ದಳು. ಅಂಥವನು ಹಡಗಿಗೆ ಕೆನ್ನೆ ಒತ್ತಿ ಕೂತು, ಎಡಗೈ ಬೆರಳಲ್ಲಿ ತಡಕಿ, ಬಲಗೈಯಲ್ಲಿ ಕುಂಚ ಆಡಿಸಿದ. ಎಂಜಿನ್ನಿನ ಸುತ್ತ ಮಸಿ ಹಿಡಿಸಿದ, ಬೆಸುಗೆಗಳಿಗೆ ತುಕ್ಕು ಇಳಿಸಿದ. ಮೂರು ಕಡೆ ತಪ್ಪಿತು. ಒರೆಸಿ ಮತ್ತೆ ಹಚ್ಚಿದ. ಮೇಸ್ತ್ರಿ ಕಂಡೂ ಕಾಣದ ಹಾಗಿದ್ದ.

ಇವನಾದರೂ ಕಡಿಮೆ ಮಾಡಲಿಲ್ಲ. ಸಿನಿಮಾದವರು ಎಂದೂ ಬಿಡದಿದ್ದ ಹುಚ್ಚನ್ನೆಲ್ಲ ಎಡಗಡೆ ತೀರಿಸಿಕೊಂಡ. ಹನ್ನೊಂದು ಕಿಟಕಿ ಕೊರೆದ. ಒಂದರೊಳಗೆ ಕಡ್ಡಿಪೆಟ್ಟಿಗೆಗಿಂತ ಚಿಕ್ಕದೊಂದು ಕುರ್ಚಿ ಇಟ್ಟ, ಕುರ್ಚಿಯ ಬೆನ್ನಿಗೆ ಯಾರೋ ಕಳಚಿ ಹಾಕಿದ ಕೋಟನ್ನು ತೊಗಲಿನ ಚೂರಿನಲ್ಲಿ ಮಾಡಿ ತೂಗಿಸಿದ. ಹೊರಗಡೆ ರಿಪೇರಿಯವರು ಹತ್ತಲಿಕ್ಕೆ ಒಂದು ಏಣಿ ಕೂರಿಸಿದ. ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಹೆಂಡತಿ ಕೇಳಿದ್ದಕ್ಕೆ, ಈ ಸಲ ಎಲ್ಲರೂ ನೋಡುತ್ತಾರೆ ಕಣೇ ಎಂದ. ಹಾಗೆನ್ನುವಾಗ ಅವನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ಮುಗಿದ ದಿನ ಮಗಳು ಬಂದು, ದೀಪ ಆಚೀಚೆ ಸರಿಸಿ, ಎರಡು ಗಂಟೆ ಹೊತ್ತು ಎಡಗಡೆಯ ಫೋಟೋ ತೆಗೆದಳು. ಮೇಸ್ತ್ರಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಬಣ್ಣದಣ್ಣ ಸೊಸೆಗೂ ಮೊಮ್ಮಕ್ಕಳಿಗೂ ಹೇಳಿದ.

ಆಟ ಬಿಡುಗಡೆಯಾದ ಭಾನುವಾರ ಮಧ್ಯಾಹ್ನ ಆಫೀಸಿನವರು ಮನೆಯವರನ್ನೆಲ್ಲ ಕರೆದಿದ್ದರು. ಮೇಸ್ತ್ರಿ ಇಸ್ತ್ರಿ ಮಾಡಿದ ಷರಟು ತೊಟ್ಟು, ಬಣ್ಣದಣ್ಣನ ಕೈ ಹಿಡಿದು ಬಸ್ಸಿನಲ್ಲಿ ಕರೆತಂದ. ಹಾಲಿನಲ್ಲಿ ಹದಿನಾರು ಕಂಪ್ಯೂಟರು ಸಾಲಾಗಿದ್ದವು, ಗೋಡೆಯ ಮೇಲೊಂದು ದೊಡ್ಡ ಪರದೆ. ಅಲ್ಲಿ ಅವನ ಹಡಗು ಹುಟ್ಟುತ್ತಿತ್ತು, ಸಾಯುತ್ತಿತ್ತು, ಮತ್ತೆ ಹುಟ್ಟುತ್ತಿತ್ತು. ಒಂದು ನಿಮಿಷದಲ್ಲಿ ಹತ್ತು ಸಲ ಅದು ಚೂರಾದದ್ದನ್ನು ಮೇಸ್ತ್ರಿ ಎಣಿಸಿದ. ಅದರಿಂದ ಅವನಿಗೆ ಬೇಸರವಾಗಲಿಲ್ಲ, ಹಾಳಾಗುವುದಕ್ಕೇ ಮಾಡಿ ರೂಢಿ. ಆದರೆ ಆ ಓಟದಲ್ಲಿ ಯಾವ ಮಗ್ಗುಲೂ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಆಡುವವನು ಹಡಗಿನೊಳಗೇ ಕೂತಿರುತ್ತಾನೆ, ಎದುರಾಳಿಯ ಹಡಗು ಕಂಡಿತು ಅನ್ನುವಷ್ಟರಲ್ಲಿ ಬೂದಿ.

ನಿಧಾನವಾಗಿ ನೋಡುವುದು ಹೇಗೆ ಎಂದು ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದ. ಆಟ ಶುರುವಾಗುವ ಮೊದಲು ಹಡಗು ಆರಿಸುವ ಪುಟ ಇರುತ್ತದೆ, ಅಲ್ಲಿ ಮೌಸ್ ಎಳೆದರೆ ತಿರುಗುತ್ತದೆ ಎಂದು ಅವಳು ತೋರಿಸಿಕೊಟ್ಟಳು. ಮೇಸ್ತ್ರಿ ಎಳೆದ. ಬಲಮಗ್ಗುಲು ಬಂತು, ಅವನು ಮಾಡಿದ ಹಾಗೇ ಇತ್ತು. ಮೂರನೇ ಕಿಟಕಿಯ ಕೆಳಗೆ ಬೆಸುಗೆ ಕಡ್ಡಿ ಜಾರಿ ಸುಟ್ಟ ಗುರುತು ಕೂಡ ಇತ್ತು. ತಿದ್ದುತ್ತೇನೆಂದರೆ ನಿರ್ದೇಶಕ ಬಿಟ್ಟಿರಲಿಲ್ಲ, ಯುದ್ಧ ಕಂಡ ಹಡಗು ಹೀಗೇ ಇರಲಿ ಎಂದಿದ್ದ. ಮೇಸ್ತ್ರಿ ಇನ್ನೂ ಎಳೆದ. ಎಡಮಗ್ಗುಲು ಬಂತು. ಅಲ್ಲೂ ಮೂರನೇ ಕಿಟಕಿಯ ಕೆಳಗೆ ಅದೇ ಸುಟ್ಟ ಗುರುತು.

ಏಣಿ ಇರಲಿಲ್ಲ. ಅವನು ಕೊರೆದ ಹನ್ನೊಂದು ಕಿಟಕಿ ಇರಲಿಲ್ಲ. ಬಲಗಡೆಯನ್ನೇ ಕನ್ನಡಿ ಹಿಡಿದು ಎಡಗಡೆಗೆ ಅಂಟಿಸಿದ್ದರು. ಅವನು ಮೂರು ಸುತ್ತು ತಿರುಗಿಸಿದ, ತಾನು ತಪ್ಪು ನೋಡಿದ್ದೇನೋ ಎಂದು.

ಮಗಳು ಹೊರಗಡೆ, ಕುಡಿಯುವ ನೀರಿನ ಯಂತ್ರದ ಹತ್ತಿರ ಸಿಕ್ಕಳು. ಕೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಸುಳ್ಳು ಹೇಳಲಿಲ್ಲ. ಮೊದಲ ದಿನ ಫೋಟೋ ತೆಗೆದುಕೊಂಡು ಹೋದ ಸಂಜೆಯೇ ಎಡಗಡೆ ತಯಾರಾಗಿತ್ತಂತೆ, ಅರ್ಧ ಗಂಟೆಯ ಕೆಲಸವಂತೆ. ಮೂರು ವಾರ ಕೊಡಿ ಎಂದು ಆಫೀಸಿನಲ್ಲಿ ಅವಳು ಕೇಳಿಯೇ ಇರಲಿಲ್ಲವಂತೆ. ಆಮೇಲೆ ತೆಗೆದ ಫೋಟೋಗಳನ್ನಾದರೂ ಹಾಕಬಹುದಿತ್ತಲ್ಲ ಎಂದ. ಆಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಒಂದು ಕಡೆ ಏಣಿಯೆಂದು ಬೆರಳುದ್ದ ಉಬ್ಬಿದ್ದರೆ ಆ ಕಡೆಯಿಂದ ಬಂದ ಗುಂಡು ಬೇಗ ತಾಗುತ್ತದೆ. ಆಟದಲ್ಲಿ ಅದು ಮೋಸ. ಹಡಗಿನ ಎರಡು ಮಗ್ಗುಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಇರಬೇಕು. ಇದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಗೊತ್ತಿದ್ದೂ ನನ್ನ ಕೈಲಿ ಯಾಕೆ ಮಾಡಿಸಿದೆ?"

"ಎಂಟು ತಿಂಗಳಿಂದ ನೀನು ಬೀಗ ತೆಗೆದಿರಲಿಲ್ಲ ಅಪ್ಪ. ಅವತ್ತು ನೀನಾಗೇ ತೆಗೆದೆ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಅಳೋ ಮಗೂಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟೆ."

ಕೆಲಸ ಬೇಡವಾಗಿದ್ದಕ್ಕೆ ಮೇಸ್ತ್ರಿ ಇಷ್ಟು ನೊಂದಿರಲಿಲ್ಲ. ಬೇಡ ಎಂದವರಿಗೆ ಬಯ್ಯಬಹುದು, ಬೆನ್ನು ತಿರುಗಿಸಬಹುದು. ಇವಳು ಮೂರು ವಾರ ಅವನನ್ನು ಕುಣಿಸಿ, ಕೊನೆಗೆ ಖಾಲಿ ಕ್ಯಾಮೆರಾ ಹಿಡಿದವಳ ಹಾಗೆ ಎರಡು ಗಂಟೆ ಕ್ಲಿಕ್ಕಿಸಿದ್ದಳು. ಮರುಕದಿಂದ ಮಾಡಿದ್ದಳು ಅನ್ನುವುದೇ ಅವನಿಗೆ ನುಂಗಲಾರದ ತುತ್ತಾಯಿತು. ಒಂದು ಮಾತಂತೂ ಅಲ್ಲೇ ನಿಶ್ಚಯಿಸಿಕೊಂಡ. ತಾನು ಯಾರಿಗೂ ಹೀಗೆ ಮಾಡುವುದಿಲ್ಲ.

ಒಳಗೆ ಬಂದಾಗ ಬಣ್ಣದಣ್ಣ ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡು ಕೂತಿದ್ದ. ಪರದೆಯ ಬೆಳಕಿಗೆ ಅವನ ಕಣ್ಣಲ್ಲಿ ನೀರಿಳಿಯುತ್ತಿತ್ತು.

"ಬಂದೆಯೇನೋ," ಎಂದ. "ಬರೀ ಬೆಳಕೇ ರಾಚುತ್ತೆ ಕಣೋ, ಏನೂ ಗೊತ್ತಾಗ್ತಾ ಇಲ್ಲ. ನಮ್ಮ ಕಡೆ ಬಂದಿದೆಯಾ? ಎಂಜಿನ್ ಹತ್ರ ಮಸಿ ಜಾಸ್ತಿ ಆಯ್ತೇನೋ ಅಂತ ನನಗೆ ಅನುಮಾನ ಇತ್ತು."

ಹಿಂದೆಯೇ ಬಂದ ಮಗಳು ಅಪ್ಪನ ಮೊಣಕೈ ಹಿಡಿದು ಒತ್ತಿದಳು. ಹೇಳಬೇಡ ಎಂದು ಕಣ್ಣಲ್ಲೇ ಬೇಡಿದಳು. ಮೇಸ್ತ್ರಿ ಅವಳ ಕೈ ಕೊಡವಿದ.

"ಬಂದಿಲ್ಲ ಅಣ್ಣ. ನಾವು ಮಾಡಿದ್ದು ಒಂದನ್ನೂ ಹಾಕಿಲ್ಲ. ಬಲಗಡೇದನ್ನೇ ಈ ಕಡೆಗೂ ಅಂಟಿಸಿದ್ದಾರೆ. ನಾವು ಶುರು ಮಾಡೋ ಮೊದಲೇ ಅಂಟಿಸಿದ್ರಂತೆ."

ಬಣ್ಣದಣ್ಣ ಪರದೆಯಿಂದ ಮುಖ ತೆಗೆಯಲಿಲ್ಲ. ಏಣಿ ಎಂದು ಕೇಳಿದ. ಮೇಸ್ತ್ರಿ ಇಲ್ಲ ಎಂದ. ತುಕ್ಕು ಎಂದು ಕೇಳಿದ. ಇಲ್ಲ ಎಂದ. ಮುದುಕನ ಕೈ ಮೌಸಿನ ಮೇಲೇ ಇತ್ತು, ಹಡಗು ಅವನ ಮುಂದೆ ಗಿರಗಿರ ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಷರಟಿನ ಚುಂಗಿನಲ್ಲಿ ಒರೆಸಿಕೊಂಡು, ಮೊಮ್ಮಕ್ಕಳು ಬೆಳಿಗ್ಗೆಯಿಂದ ಮನೆಯಲ್ಲಿ ಆಟ ಇಳಿಸಿಕೊಳ್ಳುತ್ತಾ ಕಾಯುತ್ತಿದ್ದಾರೆ ಎಂದ. ತಾತ ಹಚ್ಚಿದ್ದು ಎಲ್ಲಿ ಅಂತ ಕೇಳುತ್ತಾರೆ ಎಂದ. ಮಗಳು, ದೊಡ್ಡಪ್ಪ, ಚಹಾ ತರಲಾ ಎಂದದ್ದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಎದ್ದ. ಕುರ್ಚಿಗಳನ್ನು ತಡವುತ್ತಾ ಬಾಗಿಲ ಕಡೆ ನಡೆದ.

ಮೇಸ್ತ್ರಿ ಅವನ ಹಿಂದೆಯೇ ಬಸ್ ನಿಲ್ದಾಣದವರೆಗೆ ಬಂದ. ನಿಜ ಹೇಳಿದ್ದರಿಂದ ಎದೆ ಹಗುರಾಗುತ್ತದೆ ಎಂದು ಮೇಸ್ತ್ರಿ ಕಾದ. ಆಗಲಿಲ್ಲ. ಪಕ್ಕದಲ್ಲಿ ನಿಂತ ಮುದುಕ ಬರುವಾಗ ಇದ್ದದ್ದಕ್ಕಿಂತ ಗಿಡ್ಡನಾದ ಹಾಗೆ ಕಂಡ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಬಣ್ಣದಣ್ಣ ಬಾಯಿಬಿಟ್ಟ.

"ನನಗೆ ಹೇಗಿದ್ರೂ ಕಾಣೋದಿಲ್ಲ. ಇದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

ನಿಜ ಹೇಳಿದ್ದು ಇವನ ಮೇಲಿನ ಗೌರವಕ್ಕೋ, ಮಗಳ ಮೇಲಿನ ಸಿಟ್ಟಿಗೋ ಮೇಸ್ತ್ರಿಗೇ ಗೊತ್ತಿರಲಿಲ್ಲ. ಬಸ್ಸು ಬಂದು ನಿಂತಿತು. ಹತ್ತಿಸಲೆಂದು ಕೈ ಚಾಚಿದ. ಬಣ್ಣದಣ್ಣ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಾಲಿನಿಂದಲೇ ಮೆಟ್ಟಿಲು ತಡಕಿ ಹತ್ತಿಕೊಂಡ.

"ನೀನು ಮುಂದಿನ ಬಸ್ಸಿಗೆ ಬಾ," ಎಂದ.

ಮೇಸ್ತ್ರಿ ಮುಂದಿನ ಬಸ್ಸಿಗೆ ಕಾದು ನಿಂತ.