ಐವತ್ತು ಟನ್ನಿನ ನಡಿಗೆ

ಡೆಸ್ಮಂಡ್ ಸ್ಟಿಕ್‌ಲ್ಯಾಂಡನ ಕೈ ನಡುಗಲು ಶುರುವಾದದ್ದು ಬಹಳ ದಿನ ಮನೆಯಾಚೆ ಯಾರ ಕಣ್ಣಿಗೂ ಬೀಳಲಿಲ್ಲ. ಟೀಯನ್ನು ಅರ್ಧ ಕಪ್ಪು ಮಾತ್ರ ಹಾಕಿಸಿಕೊಳ್ಳುವುದು, ಅಂಗಿಯ ಗುಂಡಿಗಳನ್ನು ಬಿಚ್ಚದೆ ತಲೆಯ ಮೇಲಿನಿಂದಲೇ ತೊಡುವುದು, ಹೀಗೆ ಅವನು ಹೇಗೋ ಸಂಭಾಳಿಸಿಕೊಂಡಿದ್ದ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಅವನ ಟ್ಯಾಂಕು.

ಮಾರ್ಚ್ ತಿಂಗಳ ಒಂದು ಭಾನುವಾರ ರಿಮೋಟಿನಿಂದ ಓಡುವ ಮಾದರಿ ಟ್ಯಾಂಕುಗಳ ಕ್ಲಬ್ಬಿನವರೆಲ್ಲ ಹಳ್ಳಿಯ ಸಭಾಮಂದಿರದಲ್ಲಿ ಸೇರಿದ್ದರು. ಡೆಸ್ಮಂಡ್ ರಿಮೋಟಿನ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟ. ತೋಳಿನುದ್ದದ ಅವನ ಸೆಂಚೂರಿಯನ್ ಟ್ಯಾಂಕು ಕಾಳು ಕುಕ್ಕುವ ಕೋಳಿಯ ಹಾಗೆ ಮುಂದಕ್ಕೆ ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು. ಹಿಂದಿನಿಂದ ಬರುತ್ತಿದ್ದ ಟ್ಯಾಂಕು ಅದರ ಬೆನ್ನಿಗೆ ಗುದ್ದಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆ ಕ್ಲಬ್ಬಿನಲ್ಲಿ ಇದ್ದವರು ಸುತ್ತಲಿನ ರೈತರು, ಕುರುಚಲು ಬಯಲಿನ ಆಚೆಯ ಸೈನ್ಯದ ಬಿಡಾರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಲ್ಲಿ ಒಂದು ಪದ್ಧತಿ ಇತ್ತು. ಟ್ಯಾಂಕು ಹೇಗಿದೆ ಎಂದು ನಿಂತುಕೊಂಡು ನೋಡಿ ಹೇಳುವ ಹಾಗಿಲ್ಲ. ನೆಲದ ಮೇಲೆ ಮಲಗಿ, ಕೆನ್ನೆಯನ್ನು ನೆಲದ ಹಲಗೆಗೆ ಹಚ್ಚಿ ನೋಡಬೇಕು. ಅಲ್ಲಿಂದ ನೋಡಿದಾಗಲೂ ನಿಜ ಅನ್ನಿಸಿದರೆ ಮಾತ್ರ ಅದು ಟ್ಯಾಂಕು. ಬಾಯಿ ತಪ್ಪಿ 'ಆಟಿಕೆ' ಎಂದವನು ಆ ದಿನ ಎಲ್ಲರಿಗೂ ಟೀ ಮಾಡಬೇಕು.

ಕ್ಲಬ್ಬಿನ ಅಧ್ಯಕ್ಷ ಸಿರಿಲ್ ಹ್ಯಾನ್ಸ್‌ಫರ್ಡ್ ಸೈನ್ಯದಲ್ಲಿ ಐವತ್ತು ಟನ್ನಿನ ನಿಜವಾದ ಸೆಂಚೂರಿಯನ್ ಓಡಿಸಿದವನು. ಅವನು ಡೆಸ್ಮಂಡನನ್ನು ಬಾಗಿಲ ಬಳಿ ಕರೆದ.

"ಬೇಜಾರು ಮಾಡ್ಕೋಬೇಡ ಡೆಸ್. ಮೇ ತಿಂಗಳ ಪ್ರದರ್ಶನದಲ್ಲಿ ಸಾಲಿನ ಮುಂದೆ ನಿನ್ನ ಟ್ಯಾಂಕೇ ಇರ್ಲಿ. ರಿಮೋಟು ಮಾತ್ರ ಬೇರೆ ಯಾರಾದ್ರೂ ಹಿಡೀಲಿ."

"ಅಂದ್ರೆ ಹಸು ನಂದು, ಹಾಲು ಕರೆಯೋನು ಇನ್ನೊಬ್ಬ."

"ಹಂಗಲ್ಲ ಮಾರಾಯ."

"ಹಂಗೇನೇ," ಎಂದು ಡೆಸ್ಮಂಡ್ ಟೋಪಿ ಹಾಕಿಕೊಂಡ.

ಹಸುಗಳನ್ನು ಅವನು ಆಗಲೇ ಮಾರಿದ್ದ. ಆಮೇಲೆ ಟ್ರ್ಯಾಕ್ಟರು ಹೋಯಿತು. ಈ ನಡುಕ ಕೊಲ್ಲುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಕಾರಿನ ಕೀಲಿಯನ್ನು ಹೆಂಡತಿ ಏವಿಸಳ ಕೈಗೆ ಕೊಟ್ಟಿದ್ದ. ಅವನು ತಾನೇ ಓಡಿಸಬಹುದಾದದ್ದು ಎಂದು ಈ ಲೋಕದಲ್ಲಿ ಉಳಿದಿದ್ದದ್ದು ಈ ಟ್ಯಾಂಕೊಂದೇ.

ಮರುದಿನ ಮರ್ವಿನ್ ಲೋಡರ್ ಬಂದ. ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತ ಆ ಸೀಮೆಯ ಕೊಟ್ಟಿಗೆಗಳನ್ನೆಲ್ಲ ಸುತ್ತಿದವನು, ಡೆಸ್ಮಂಡನ ಶಾಲೆಯ ಗೆಳೆಯ. ಖಾಲಿ ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಟ್ಯಾಂಕು ಕುಕ್ಕುವುದನ್ನು ನೋಡಿ, "ತೂಕ ಸಾಲ್ದು," ಎಂದ. "ಎಳೆಗರು ಕುಣಿಯುತ್ತೆ, ಹೋರಿ ಕುಣಿಯುತ್ತಾ?"

ಡೆಸ್ಮಂಡನಿಗೂ ಅದು ಸರಿ ಅನ್ನಿಸಿತು. ದನಗಳ ಜೊತೆ ಬದುಕಿದವರಿಗೆ ಹಾಗೇ ಅನ್ನಿಸುತ್ತದೆ. ಮರ್ವಿನ್ ವ್ಯಾನಿನಿಂದ ಸುರುಳಿ ಸುತ್ತಿದ ಸೀಸದ ತಗಡನ್ನು ತಂದ.

"ಚರ್ಚಿನ ಸೂರಿಗೆ ಹೊದಿಸಿದ್ದನ್ನ ಕಿತ್ಕೊಂಡು ಬಂದಿಲ್ಲ ತಾನೆ?" ಎಂದಳು ಏವಿಸ್.

"ನಮ್ಮನೆ ಸೂರಿಂದು. ಮಳೆ ಬಂದ್ರೆ ನನ್ನ ಹೆಂಡ್ತಿ ನಿಮ್ಮನೆಗೆ ಬರ್ತಾಳೆ."

ಸೀಸವನ್ನು ಕತ್ತರಿಸಿ ಟ್ಯಾಂಕಿನ ಹೊಟ್ಟೆಯ ತುಂಬ ಜೋಡಿಸಿದರು. ಕೋಳಿಯಂತೆ ಕುಕ್ಕುತ್ತಿದ್ದದ್ದು ಈಗ ಹಂದಿಯಂತೆ ಮುಗ್ಗರಿಸಿತು. ನಡುಕ ಅಷ್ಟೇ ಇತ್ತು, ಸದ್ದು ಮಾತ್ರ ಜಾಸ್ತಿಯಾಗಿತ್ತು. ತಿರುವಿನಲ್ಲಿ ಒಳಗೆ ಏನೋ ಕಟಕಟ ಎಂದು ಗೇರಿನ ಹಲ್ಲುಗಳು ಸವೆದು ಹೋದವು. ಡೆಸ್ಮಂಡ್ ರಿಮೋಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ.

ಹೊಲದ ಬೇಲಿಯಾಚೆ ಸೈನ್ಯದ ದಾರಿ. ಅಂದು ಅಭ್ಯಾಸಕ್ಕೆ ಹೊರಟ ಟ್ಯಾಂಕೊಂದು ಅಲ್ಲಿ ನಿಂತಿತ್ತು. ಅಂಥವು ಎಷ್ಟೋ ಹಾದು ಹೋದದ್ದನ್ನು ಡೆಸ್ಮಂಡ್ ಕಂಡಿದ್ದ. ಆದರೆ ಹೊರಡುವುದನ್ನೇ ಗಮನವಿಟ್ಟು ನೋಡಿರಲಿಲ್ಲ. ಇಂಜಿನ್ನು ಮೊದಲು ಗುಡುಗಿತು. ಟ್ಯಾಂಕು ಕದಲಲಿಲ್ಲ. ಆಮೇಲೆ ಹಿಂಭಾಗ ಮೆಲ್ಲಗೆ ಕುಸಿದು, ಮೂತಿ ಮೇಲೆದ್ದು, ಹೊರಟಿತು. ದಾರಿ ಕೂಡುವಲ್ಲಿ ನಿಲ್ಲುವಾಗ, ಹಸು ಮಲಗಲು ಮುಂಗಾಲು ಮಡಿಸುವ ಹಾಗೆ, ಮೂತಿ ಬಗ್ಗಿಸಿ ನಿಂತಿತು.

"ನೋಡ್ದಾ?" ಎಂದ ಡೆಸ್ಮಂಡ್, ಹಿಂದೆಯೇ ಬಂದಿದ್ದ ಮರ್ವಿನನಿಗೆ. "ಡ್ರೈವರ್ ಕೇಳ್ದ. ಅದು ಯೋಚ್ನೆ ಮಾಡ್ತು. ಆಮೇಲೆ ಹೊರಡ್ತು."

"ನನ್ನ ಹೆಂಡ್ತೀನೂ ಹಂಗೇ."

"ತಮಾಷೆ ಬಿಡೋ. ನಮ್ದು ಯೋಚ್ನೆ ಮಾಡ್ತಾನೇ ಇಲ್ಲ. ಬೆರಳು ಅಂದಿದ್ದನ್ನ ಅಂದ ಕೂಡ್ಲೇ ಮಾಡುತ್ತೆ. ಅದಕ್ಕೇ ಅದು..." ಕ್ಲಬ್ಬಿನಲ್ಲಿ ಆಡಬಾರದ ಆ ಪದವನ್ನು ಅವನು ನುಂಗಿಕೊಂಡ. "ಸೀಸ ಹೊಟ್ಟೇಲಿದ್ದು ಏನು ಬಂತು. ಭಾರ ಇರ್ಬೇಕಾದ್ದು ಬೆರಳಿಗೂ ಮೋಟಾರಿಗೂ ನಡುವೆ."

ಮರ್ವಿನ್ ಬೇಲಿಯ ಗೂಟಕ್ಕೆ ಒರಗಿದ. "ಅಂಥ ಬೋರ್ಡು ಸಿಗುತ್ತೆ," ಎಂದ.

ವಾರದ ಮೇಲೆ ಅವನು ತಂದ ಸರ್ಕ್ಯೂಟ್ ಬೋರ್ಡು ಬಿಸ್ಕತ್ತಿಗಿಂತ ಚಿಕ್ಕದಿತ್ತು. ಅದರಲ್ಲಿ ಎರಡು ಪುಟ್ಟ ತಿರುಪುಗಳು: ಒಂದು ಹೊರಡುವ ನಿಧಾನಕ್ಕೆ, ಇನ್ನೊಂದು ನಿಲ್ಲುವ ನಿಧಾನಕ್ಕೆ. ಸೀಸವನ್ನು ಅರ್ಧ ತೆಗೆದರು. ಚಕ್ರಗಳ ಬಿಗಿ ಸ್ಪ್ರಿಂಗುಗಳ ಬದಲು ಹಳೆಯ ಪೆನ್ನುಗಳ ಮೆತ್ತನೆಯ ಸ್ಪ್ರಿಂಗು ಹಾಕಿದರು. ಹೊಸ ಗೇರು ಕೂರಿಸಿದರು. ಕೆಲಸವೆಲ್ಲ ಮರ್ವಿನನದು, ಡೆಸ್ಮಂಡ್ ದೀಪ ಹಿಡಿದಿದ್ದ. ಬೆಳಕು ಗೋಡೆಯ ತುಂಬ ಕುಣಿಯುತ್ತಿತ್ತು, ಅದು ಹತ್ತಿರ ಬಂದಾಗಲೆಲ್ಲ ಮರ್ವಿನ್ ತಿರುಪು ಬಿಗಿದ.

ಮೊದಲ ಸಲ ಓಡಿಸಿದಾಗ ಗಂಡಸರಿಬ್ಬರ ಕಣ್ಣೂ ಟ್ಯಾಂಕಿನ ಮೇಲಿತ್ತು. ಹಿಂಭಾಗ ಕುಸಿದು, ಮೂತಿ ಎತ್ತಿ, ಅದು ಗಂಭೀರವಾಗಿ ಹೊರಟಿತು. ಏವಿಸ್ ಮಾತ್ರ ಗಂಡನ ಕೈ ನೋಡುತ್ತಿದ್ದಳು.

"ಡೆಸ್, ನಿನ್ನ ಕೈ ನಡುಗ್ತಿದೆ."

"ಗೊತ್ತು ಕಣೇ."

"ಟ್ಯಾಂಕು ನಡುಗ್ತಿಲ್ಲ."

ಡೆಸ್ಮಂಡ್ ಕೆಳಗೆ ನೋಡಿದ. ಹೆಬ್ಬೆರಳು ಎಂದಿನಂತೆ ಕಡ್ಡಿಯ ಮೇಲೆ ಪಟಪಟ ಬಡಿಯುತ್ತಿತ್ತು. ಅಷ್ಟು ಸಣ್ಣ ಮಾತಿಗೆಲ್ಲ ಕಿವಿಗೊಡುವ ಪುರುಸೊತ್ತು ಈಗ ಟ್ಯಾಂಕಿಗಿರಲಿಲ್ಲ. ಅವನು ಅದನ್ನೇ ನೋಡುತ್ತ ಮೈಮರೆತ. ಟ್ಯಾಂಕು ನೇರ ಹೋಗಿ ಬೆಕ್ಕಿನ ಹಾಲಿನ ತಟ್ಟೆಯನ್ನು ಮಗುಚಿ ಗೋಡೆಗೆ ಒರಗಿತು.

"ನಿಲ್ಸೋದು ಯಾವಾಗ ಕಲೀತೀಯೋ?" ಎಂದ ಮರ್ವಿನ್.

ಅದನ್ನು ಕಲಿಯಲು ಏಪ್ರಿಲ್ ಪೂರ್ತಿ ಹಿಡಿಯಿತು. ಬೆರಳು ತೆಗೆದರೂ ಟ್ಯಾಂಕು ಇನ್ನಷ್ಟು ದೂರ ಉರುಳುತ್ತಿತ್ತು. ಮೇವು ತುಂಬಿದ ಟ್ರೇಲರನ್ನು ಇಳಿಜಾರಿನಲ್ಲಿ ಇಳಿಸುವಾಗ ಗೇಟು ಕಾಣುವ ಮೊದಲೇ ಬ್ರೇಕು ಒತ್ತುತ್ತಿದ್ದದ್ದು ಅವನ ಮೈಗೆ ನೆನಪಿತ್ತು. ಹೆಬ್ಬೆರಳಿಗೂ ಅದನ್ನೇ ಕಲಿಸಿದ. ಬಕೆಟ್ಟುಗಳನ್ನು ಸಾಲಾಗಿಟ್ಟು ನಡುವೆ ಓಡಿಸಿದ. ಗುದ್ದಿದ, ಹಿಂದಕ್ಕೆ ತಂದ, ಮತ್ತೆ ಹೊರಟ.

ಪ್ರದರ್ಶನದ ದಿನ ಸಭಾಮಂದಿರದ ನೆಲದಲ್ಲಿ ಹುಲ್ಲಿನ ಸಿವುಡುಗಳ ಬೀದಿ, ನೀಲಿ ಪ್ಲಾಸ್ಟಿಕ್ಕಿನ ಹೊಳೆ, ಅದರ ಮೇಲೆ ಹಲಗೆಯ ಕಿರುಸೇತುವೆ ಸಿದ್ಧವಾಗಿದ್ದವು. ಸಾಲಿನ ಮೊದಲ ಟ್ಯಾಂಕು ಸೇತುವೆಯ ಮುಂದೆ ನಿಲ್ಲಬೇಕು, ಬಾವುಟ ಎತ್ತಿದ ಮೇಲೆ ದಾಟಬೇಕು.

ಡೆಸ್ಮಂಡ್ ನೇರ ಸಿರಿಲನ ಬಳಿ ಹೋದ. "ಕೈ ನೆಟ್ಟಗಾಗಿಲ್ಲ ಸಿರಿಲ್. ನಿಧಾನದ ಬೋರ್ಡು ಹಾಕಿದೀವಿ. ಮೋಸ ಅನ್ನೋದಾದ್ರೆ ಈಗ್ಲೇ ಅಂದ್ಬಿಡು."

ಸಿರಿಲ್ ಮೂಗು ಉಜ್ಜಿಕೊಂಡ. "ನಾನು ಓಡಿಸ್ತಿದ್ದಾಗ ಇಂಜಿನ್ನಿನ ಅದುರಿಗೆ ನಮ್ಮ ಕೈಯೆಲ್ಲ ನಡುಗೋದು. ಆ ನಡುಕದ ಮಾತನ್ನ ಟ್ಯಾಂಕು ಯಾವತ್ತೂ ಕೇಳ್ಲಿಲ್ಲ. ಮೊದಲ ಸುತ್ತು ನೀನು ಓಡ್ಸು. ಸರಿ ಹೋಗ್ದಿದ್ರೆ ಎರಡನೇದು ನಾನು."

ಅವನು ಬಾವುಟ ಹಿಡಿದು, ಮೊಣಕಾಲೂರಿ, ನರಳುತ್ತ ಸೇತುವೆಯ ಆಚೆ ಮಲಗಿ, ನೆಲಕ್ಕೆ ಕೆನ್ನೆ ಹಚ್ಚಿದ.

ಸೆಂಚೂರಿಯನ್ ಹಿಂಗಾಲ ಮೇಲೆ ಕೂತಂತೆ ಕುಸಿದು ಹೊರಟಿತು. ಬೀದಿಯ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿ, ಸಾವರಿಸಿಕೊಂಡು, ಹೊಳೆಯ ಕಡೆ ತಿರುಗಿತು. ಸೇತುವೆ ಇನ್ನೂ ಅಷ್ಟು ದೂರ ಇರುವಾಗಲೇ ಡೆಸ್ಮಂಡ್ ಬೆರಳು ತೆಗೆದ. "ಯಾಕೆ ಬಿಟ್ಟ?" ಎಂದು ಯಾರೋ ಪಿಸುಗುಟ್ಟಿದರು. ಟ್ಯಾಂಕು ತನ್ನಷ್ಟಕ್ಕೆ ಉರುಳುತ್ತ, ಉರುಳುತ್ತ ಬಂದು, ಹಲಗೆಯ ಅಂಚಿನಲ್ಲಿ ಮೂತಿ ಬಗ್ಗಿಸಿ ನಿಂತಿತು. ನಿಂತ ಮೇಲೆ ಒಂದು ಸಲ ಹಿಂದಕ್ಕೆ ತೂಗಿ ನೆಟ್ಟಗಾಯಿತು.

ಸಿರಿಲ್ ಬಾವುಟ ಎತ್ತುವುದನ್ನೇ ಮರೆತಿದ್ದ.

"ಬಾವುಟ, ಸಿರಿಲ್," ಎಂದ ಡೆಸ್ಮಂಡ್.

ಬಾವುಟ ಮೇಲೆದ್ದಿತು. ಟ್ಯಾಂಕು ಸೇತುವೆ ದಾಟಿತು. ಸಿರಿಲ್ ನೆಲದಿಂದ ಏಳಲಿಲ್ಲ, ಮಲಗಿದಲ್ಲಿಂದಲೇ ಹಿಂದಿನ ಸಾಲಿನವರಿಗೆ ಕೂಗಿ ಹೇಳಿದ: "ಎರಡನೇ ಸುತ್ತೂ ಡೆಸ್ಮಂಡೇ ಮುಂದೆ. ನೀವೆಲ್ಲ ಸ್ವಲ್ಪ ದೂರ ಬಿಟ್ಕೊಳ್ಳಿ. ಇದು ದಬಕ್ಕನೆ ಹೊರಡೋ ಗಾಡಿ ಅಲ್ಲ."

ಹಿಂದಿನವರು ತಮ್ಮ ಟ್ಯಾಂಕುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿಕೊಂಡರು. ಡೆಸ್ಮಂಡ್ ಹೆಬ್ಬೆರಳನ್ನು ಕಡ್ಡಿಯ ಮೇಲಿಟ್ಟ. ಅದು ಬಡಿಯುತ್ತಲೇ ಇತ್ತು. ಸಾಲಿನಲ್ಲಿದ್ದವರೆಲ್ಲ ಅವನ ಟ್ಯಾಂಕಿನ ಹಿಂಭಾಗ ಕುಸಿಯುವುದನ್ನು ಕಾದು, ಆಮೇಲೆ ತಮ್ಮ ಬೆರಳುಗಳನ್ನು ಮೆಲ್ಲಗೆ ಒತ್ತಿದರು.