ಎರಡೂ ಎಡತೋಳು

ಗಾರ್ಮೆಂಟ್ಸಿನ ಮೇಲ್ವಿಚಾರಕ ಒಂದು ಅಂಗಿಯನ್ನು ತಂದು ಅವಳ ಹೊಲಿಗೆ ಮೆಷಿನ್ನಿನ ಮೇಲೆ ಹರಡಿದ. ಎರಡೂ ಕಡೆ ಎಡತೋಳು. ಅವನ ಕಂಕುಳಲ್ಲಿ ಅಂಥವೇ ಇನ್ನೂ ಇಪ್ಪತ್ತಮೂರು. ಎಡತೋಳಿನ ಎರಡು ಕಟ್ಟು ಬಿಚ್ಚಿಕೊಂಡು ಅವಳು ಬೆಳಗಿನಿಂದ ಹೊಲಿದಿದ್ದಳು. ಬಲತೋಳಿನ ಕಟ್ಟು ಬುಟ್ಟಿಯಲ್ಲೇ ಇತ್ತು.

"ಹದಿನೇಳು ವರ್ಷ ತೋಳು ಕೂರಿಸಿದೋರು ನೀವು. ಇದನ್ನ ಯಾರಮ್ಮ ಹಾಕ್ಕೋಬೇಕು?"

"ನಮ್ಮನೆಯೋರಿಗೆ ಕೊಡಿ ಸಾರ್," ಎಂದಳು ಪಕ್ಕದ ಮೆಷಿನ್ನಿನಲ್ಲಿ ಗುಂಡಿ ಹಾಕುವವಳು. "ಅವರ ಎರಡು ಕೈಯೂ ಎಡಗೈಯೇ."

ತೋಳು ಹೊಲಿದವಳಿಗೆ ನಗು ಬರಲಿಲ್ಲ. ಬೆರಳ ಗಂಟಿನಿಂದ ಮಂಡಿಯವರೆಗೆ ನೋವು, ರಾತ್ರಿಯಿಡೀ ಸೇರಿ ಎರಡು ಗಂಟೆ ನಿದ್ದೆ. ಅದಕ್ಕೆ ಮನೆ ತುಂಬ ವೈದ್ಯರು. ಬಿಸಿ ಹಾಲು ಕುಡಿ ಎನ್ನುವ ಅತ್ತೆ. ಯೋಚನೆ ಬಿಟ್ಟು ಮಲಗು ಎಂದು ಹೇಳಿ ಮುಗಿಸುವ ಮೊದಲೇ ಗೊರಕೆ ಹೊಡೆಯುವ ಗಂಡ. ನಿಜವಾದ ಡಾಕ್ಟರು ರಿಪೋರ್ಟ್ ಚೆನ್ನಾಗಿದೆ ಎಂದಾಗ, "ಹಾಗಾದ್ರೆ ಅದನ್ನೇ ಕೆಲಸಕ್ಕೆ ಕಳಿಸ್ತೀನಿ" ಎಂದು ಎದ್ದು ಬಂದಿದ್ದಳು.

ಮೇಲ್ವಿಚಾರಕ ಒಂದು ಹಾಳೆ ಮುಂದಿಟ್ಟ. ಕೆಲಸದ ವೇಳೆ ನಿದ್ದೆ ಮಾಡಿದ್ದೇನೆ, ನೂಲು ಕತ್ತರಿಸುವ ವಿಭಾಗಕ್ಕೆ ಹೋಗಲು ಒಪ್ಪಿದ್ದೇನೆ ಎಂದಿತ್ತು. ಅಲ್ಲಿ ಹೊಸ ಹುಡುಗಿಯರು ದಿನವಿಡೀ ನಿಂತೇ ಇರಬೇಕು. ಈ ಮಂಡಿಯಲ್ಲಿ ಒಂದು ವಾರವೂ ನಡೆಯದು.

"ನಾನು ನಿದ್ದೆ ಮಾಡಿಲ್ಲ."

"ಮತ್ತಿದು?"

"ನಿದ್ದೆ ಮಾಡಿದ್ರೆ ಇದಾಗ್ತಿರ್ಲಿಲ್ಲ."

ಅವನ ಜೇಬಿನ ಪೆನ್ನು ಕಿತ್ತುಕೊಂಡು ಆ ಸಾಲುಗಳನ್ನು ಹೊಡೆದು ಹಾಕಿದಳು. ಕೆಳಗೆ ಬರೆದಳು: ಲೂಪಸ್. ಎರಡು ವರ್ಷದಿಂದ. ಅದು ಕೆನ್ನೆಗೆ ತಂದ ಕೆಂಪನ್ನು ಅಷ್ಟು ದಿನ ಬಿಸಿಲಿನ ತಲೆಗೆ ಕಟ್ಟಿದ್ದಳು.

ಅವನು ಹಾಳೆಯ ಮೇಲಿಂದ ಕೈ ತೆಗೆದ. "ಅಂಟುತ್ತಾ?"

"ಅಂಟೋ ಹಾಗಿದ್ರೆ ಮೊದ್ಲು ನಿಮಗೇ ಅಂಟಿಸ್ತಿದ್ದೆ. ನಮ್ಮ ಮೈ ಕಾಯಬೇಕಾದ್ದೇ ನಮ್ಮ ಮೈ ಮೇಲೆ ಬೀಳೋ ಕಾಯಿಲೆ. ನನಗೊಬ್ಬಳಿಗೇ."

"ಎರಡು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಅವತ್ತೇ ಈ ಹಾಳೆ ತರ್ತಿದ್ರಿ."

ಗುಂಡಿಯವಳ ಮೆಷಿನ್ನು ನಿಂತಿತ್ತು. ಮೇಲ್ವಿಚಾರಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಫೈಲಿಗೆ ಸೇರಿಸದೆ, ಜೇಬಿಗೆ ತುರುಕಿದ. ಸ್ಟೂಲು ಎಳೆದು ಕೂತು ತಾನೇ ಹೊಲಿಗೆ ಬಿಚ್ಚತೊಡಗಿದ. ಮೊದಲನೇ ಅಂಗಿಯಲ್ಲೇ ಬಟ್ಟೆ ಚರ್ರೆಂದಿತು.

"ಕೊಡಿ ಇತ್ಲಾಗೆ. ನಾನು ಮಾಡಿರೋ ಘನಕಾರ್ಯ ಸಾಲದಾ?"

ಅವನು ತೋಳನ್ನು ಬಿಗಿಯಾಗಿ ಹಿಡಿದುಕೊಂಡ, ಅವಳು ಬಿಚ್ಚಿದಳು. ಮೂರನೆಯ ಅಂಗಿಯ ಹೊತ್ತಿಗೆ ಅವಳ ರೆಪ್ಪೆಗಳು ಮುಚ್ಚಿದವು. ಅವನು ಎಬ್ಬಿಸದೆ ತೋಳನ್ನು ಹಾಗೇ ಹಿಡಿದುಕೊಂಡಿದ್ದ. ಅವಳ ಬೆರಳುಗಳು ಹೊಲಿಗೆಯನ್ನು ತಡವುತ್ತ ಹೋಗಿ, ಎಳೆ ಸಿಕ್ಕಲ್ಲಿ ನಿಂತು, ಮೆಲ್ಲಗೆ ಕೀಳುತ್ತಿದ್ದವು.