ಸಾಲಿಗೊಂದು ಸರಿ

ಅಲ್ಪವಿರಾಮದ ಹೆಸರು ಮರೆತುಹೋಗಿತ್ತು. ಡೈರಿ ಬರೆಯುತ್ತಿದ್ದವಳು, ಆ ಬಾಲವಿರುವ ಚುಕ್ಕೆಗೆ ಏನನ್ನುತ್ತಾರೆ ಎಂದು ಪೆನ್ನೆತ್ತಿ ಕೂತೆ. ಸ್ನಾನ ಮಾಡುವಾಗ ನೆನಪಾಯಿತು. ಯಾರಿಗೂ ಹೇಳಲಿಲ್ಲ. ಬೇರೆಯವರು ಮರೆತರೆ ನಕ್ಕು ಸುಮ್ಮನಾಗಬಹುದು, ನಾನು ಕರಡು ತಿದ್ದುವವಳು. ಔಷಧದ ಡಬ್ಬಿಯೊಳಗೆ ಸಣ್ಣದಾಗಿ ಮಡಚಿಟ್ಟ ಚೀಟಿ ಇರುತ್ತದಲ್ಲ, ಅದನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನನ್ನ ಕೆಲಸ. ಡಿಗ್ರಿ ಮುಗಿಸಿ ಸೇರಿ ವರ್ಷವೂ ಆಗಿರಲಿಲ್ಲ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಎಂಟು ತಿಂಗಳ ಮೇಲೆ, ಕ್ಯಾನ್ಸರ್ ಹೋಗಿದೆ ಎಂದರು ಡಾಕ್ಟರು. ಹೋಗುವಾಗ ಇನ್ನೇನೇನು ಎತ್ತಿಕೊಂಡು ಹೋಗಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಸ್ಪತ್ರೆಯ ನರ್ಸಕ್ಕ ಫೋನಿಗೊಂದು ಲಿಂಕ್ ಕಳಿಸಿದ್ದರು. ಕ್ಯಾನ್ಸರ್ ವಾಸಿಯಾಗಿ ಕೆಲಸಕ್ಕೆ ವಾಪಸ್ ಹೋಗುವವರಿಗೆಂದೇ ಮಾಡಿದ ಪುಟ. ನಿದ್ದೆ ಹೇಗಿದೆ, ಸುಸ್ತು ಹೇಗಿದೆ, ನೆನಪು ಹೇಗಿದೆ ಎಂದು ದಿನಾ ಸಂಜೆ ಕೇಳುತ್ತದೆ. ಹೀಗೆ ನಾಲ್ಕು ವಾರ ಉತ್ತರ ಕೊಟ್ಟರೆ, ಮೊದಮೊದಲು ಎಷ್ಟು ಗಂಟೆ ದುಡಿಯಬೇಕು, ಯಾವ ಕೆಲಸ ಸದ್ಯಕ್ಕೆ ಬೇಡ ಎಂದು ಆಫೀಸಿಗೆ ತೋರಿಸಲು ಒಂದು ಹಾಳೆ ತಯಾರಾಗಿ ಬರುತ್ತದೆ.

"ನಿಜವಾದ ಉತ್ತರಾನೇ ಒತ್ತಮ್ಮ," ಅಂದಿದ್ದರು ನರ್ಸಕ್ಕ. "ಕೀಮೋ ಆದಮೇಲೆ ಸ್ವಲ್ಪ ದಿನ ತಲೆಯೊಳಗೆ ಮಬ್ಬು ಕವಿದಂಗಿರುತ್ತೆ. ಅದು ನಿನ್ನ ತಪ್ಪಲ್ಲ."

ಸರಿ ಅಂದೆ.

ಪ್ರತಿ ಪ್ರಶ್ನೆಗೂ ಮೂರು ಉತ್ತರ: ಸರಿಯಿದೆ, ಅಷ್ಟಕ್ಕಷ್ಟೆ, ಕಷ್ಟ. ಅಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತ ಓರೆಗಣ್ಣಲ್ಲಿ ನೋಡುತ್ತಿದ್ದಳು.

"ನೆನಪಿನದು ಬಂತಲ್ಲ, ಏನ್ ಒತ್ತಿದೆ?"

"ಸರಿಯಿದೆ ಅಂತ."

"ಹಂಗಾದ್ರೆ ಹಾಲಿನ ಪಾತ್ರೆ ಬಟ್ಟೆ ಬೀರುಗೆ ನಡ್ಕೊಂಡು ಹೋಯ್ತಾ?"

"ನೀನೇ ಇಟ್ಟಿರ್ತೀಯ ಕಣಮ್ಮ."

"ಇರಬಹುದು ಬಿಡು, ನಂಗೂ ವಯಸ್ಸಾಯ್ತು." ಅಮ್ಮ ನಕ್ಕಳು. ಇಟ್ಟವಳು ನಾನೆಂದು ಇಬ್ಬರಿಗೂ ಗೊತ್ತಿತ್ತು.

'ಕಷ್ಟ' ಒತ್ತಲು ಬೆರಳು ಹೋಗುತ್ತಿರಲಿಲ್ಲ. ಆ ಹಾಳೆ ಮ್ಯಾನೇಜರ್ ಕೈಗೆ ಹೋಗುತ್ತದೆ. ಎಂಟು ತಿಂಗಳು ನನ್ನ ಕುರ್ಚಿಗೆ ಬೇರೆಯವರನ್ನು ಕೂರಿಸದೆ ಕಾದವರು, ನೆನಪಿಲ್ಲದವಳನ್ನು ಕಟ್ಟಿಕೊಂಡು ಏನು ಮಾಡುತ್ತಾರೆ? ಇಪ್ಪತ್ತೆಂಟು ದಿನವೂ ಸರಿಯಿದೆ, ಸರಿಯಿದೆ ಎಂದೇ ಒತ್ತಿದೆ. ಕೊನೆಯ ದಿನ ಒಂದು ಖಾಲಿ ಚೌಕ ಬಂತು: 'ಕೆಲಸದಲ್ಲಿ ನಿಮಗೆ ಭಯ ಹುಟ್ಟಿಸುವ ಸಂಗತಿ ಯಾವುದು? ನಿಮ್ಮ ಮಾತಿನಲ್ಲೇ ಬರೆಯಿರಿ.' ನಾಲ್ಕು ಸಾಲು ಬರೆದು ಅಳಿಸಿದೆ. 'ಏನೂ ಇಲ್ಲ' ಎಂದು ಬರೆದೆ. ಕೆಳಗೆ ಹಸಿರು ಬಣ್ಣದ ಗುಂಡಿ, ಅದರ ಮೇಲೂ 'ಸರಿ' ಎಂದೇ ಇತ್ತು. ಒತ್ತಿದೆ. ಹಾಳೆ ಬಂತು. ಯಾವ ಬದಲಾವಣೆಯೂ ಬೇಕಿಲ್ಲ, ಸೋಮವಾರದಿಂದ ಪೂರ್ತಿ ದಿನ ಕೆಲಸ. ಮೂಲೆಯಲ್ಲೊಂದು ಹೂವಿನ ಚಿತ್ರ. ಫೋನನ್ನು ಬೋರಲು ಹಾಕಿಟ್ಟೆ.

ಸೋಮವಾರ ಪ್ರೆಸ್ಸಿನ ಮೆಟ್ಟಿಲು ಹತ್ತುವಾಗಲೇ ಶಾಯಿಯ ವಾಸನೆ ಗಂಟಲಿಗೆ ಬಂತು. ನನ್ನ ಜೊತೆಗಾತಿ ಆಗಲೇ ಕೂತಿದ್ದರು. ಇಪ್ಪತ್ತಾರು ವರ್ಷದಿಂದ ಕರಡು ಓದುವವರು. ಅವರು ಒಂದು ಮಾತು ಆಡಿದ ಮೇಲೆ ಯಾರೂ ಮುಂದೆ ಮಾತಾಡುವುದಿಲ್ಲವೆಂದು ಎಲ್ಲರೂ ಅವರನ್ನು ಪೂರ್ಣವಿರಾಮ ಎನ್ನುತ್ತಾರೆ. ಅವರೆದುರಿಗಲ್ಲ.

"ಕೂದಲು ಚೆನ್ನಾಗೇ ಬಂದಿದೆಯಲ್ಲೇ, ನನಗಿಂತ ದಟ್ಟ," ಎಂದು ಕನ್ನಡಕದ ಮೇಲಿಂದ ನೋಡಿದರು. "ಬಾ, ಕೂತ್ಕೋ."

ನಮ್ಮಲ್ಲಿ ಚೀಟಿಯನ್ನು ಒಬ್ಬರೇ ತಿದ್ದುವಂತಿಲ್ಲ. ಒಬ್ಬರು ಔಷಧದ ಕಂಪನಿ ಕಳಿಸಿದ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಿನ ಕರಡು ಹಿಡಿದು, ಕೇಳಿದ್ದಕ್ಕೂ ಕಂಡಿದ್ದಕ್ಕೂ ತಾಳೆಯಾದರೆ ಸಾಲಿಗೊಂದು 'ಸರಿ' ಎನ್ನಬೇಕು. ಕೊನೆಗೆ ಓದಿದವರು, ಹಿಡಿದವರು, ಇಬ್ಬರ ಸಹಿ. ಆಮೇಲೆ ಅದನ್ನು ಮತ್ತೆ ನೋಡುವವರಿಲ್ಲ.

ಪೂರ್ಣವಿರಾಮ ಓದತೊಡಗಿದರು. ಚುಕ್ಕೆ, ಆವರಣ ಎಲ್ಲವನ್ನೂ ಬಾಯಲ್ಲಿ ಹೇಳುತ್ತ, ಒಂದೇ ಏರಿಳಿತದಲ್ಲಿ.

"ಮಕ್ಕಳ ಕೆಮ್ಮಿನ ಹನಿ, ಪೂರ್ಣವಿರಾಮ." ಅವರ ಬಾಯಲ್ಲೇ ಆ ಹೆಸರು ಕೇಳಿ ಒಳಗೊಳಗೇ ನಗು ಬಂತು.

"ಸರಿ."

"ಬಳಸುವ ಮುನ್ನ ಬಾಟಲಿ ಚೆನ್ನಾಗಿ ಅಲುಗಾಡಿಸಿ, ಪೂರ್ಣವಿರಾಮ."

"ಸರಿ."

ಮೊದಲ ಪುಟ ಮುಗಿಯಿತು. ನಾನು ಸುಮ್ಮನೆ ಹೆದರಿದ್ದೆ ಅನ್ನಿಸಿತು. ಆಮೇಲೆ ಏನಾಯಿತೋ. ಓದುವ ದನಿ ನಿಂತಾಗ ಹಾಳೆಯ ತುದಿಯಲ್ಲಿದ್ದೆ. ಎರಡನೇ ಪುಟವೂ ಮುಗಿದಿತ್ತು. ಅವರು ಉಸಿರು ತೆಗೆದುಕೊಂಡಾಗಲೆಲ್ಲ ನನ್ನ ಬಾಯಿ ತಾನಾಗಿಯೇ 'ಸರಿ' ಅಂದಿತ್ತು. ಅವರು ಓದಿದ ಒಂದು ಪದವೂ ತಲೆಯಲ್ಲಿ ಉಳಿದಿರಲಿಲ್ಲ.

ಕಣ್ಣು ಓಡಿಸಿದೆ. ನಡುವೆ ಒಂದು ಸಾಲು: 'ಆರು ತಿಂಗಳೊಳಗಿನ ಮಕ್ಕಳಿಗೆ, ಒಂದು ಹೊತ್ತಿಗೆ 5 ಎಂ.ಎಲ್.' ಐದೋ, ಅರ್ಧವೋ? ಸೊನ್ನೆ, ಚುಕ್ಕೆ, ಐದು ಎಂದು ಅವರು ಓದಿದ್ದರೆ? ಕರಡು ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ಮೂಲಪ್ರತಿ ಅವರ ಕೈಯಲ್ಲಿ, ಮಡಚಿಯಾಗಿತ್ತು.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. "ಆಯ್ತೇನಮ್ಮ? ಮಷೀನ್ ಕಾಯ್ತಿದೆ. ನಿನ್ನ ಹಾಳೆ ನೋಡ್ದೆ, ಎಲ್ಲಾದ್ರಲ್ಲೂ ಪೂರ್ತಿ ಮಾರ್ಕ್ಸು. ಈ ಆಫೀಸಲ್ಲಿ ಇನ್ಯಾರಿಗೂ ಅಷ್ಟು ಬರಲ್ಲ, ನಂಗೂ ಸೇರಿ."

ಪೂರ್ಣವಿರಾಮ ತಮ್ಮ ಸಹಿ ಹಾಕಿ ಪೆನ್ನು ನನ್ನ ಕಡೆ ಚಾಚಿದರು. ಹಿಡಿದೆ. 'ಹಿಡಿದವರು' ಎಂಬ ಪದದ ಮುಂದೆ ಖಾಲಿ ಗೆರೆ. ಸಹಿ ಹಾಕಿದರೆ ಕುರ್ಚಿ ಉಳಿಯುತ್ತದೆ. ಐದೇ ಇದ್ದರೂ ಇರಬಹುದು. ಇಲ್ಲದಿದ್ದರೆ ಯಾವುದೋ ಮನೆಯಲ್ಲಿ ಒಬ್ಬ ತಾಯಿ ಈ ಚೀಟಿ ಬಿಡಿಸಿ ಓದಿ, ನನ್ನ 'ಸರಿ'ಯನ್ನು ನಂಬಿ, ಚಮಚ ತುಂಬುತ್ತಾಳೆ.

"ಸರಿ ತಾನೇ?" ಅಂದರು ಮ್ಯಾನೇಜರ್.

ಬಾಯಿ ಆಗಲೇ ಆ ಪದಕ್ಕೆ ತೆರೆದಿತ್ತು. ಮುಚ್ಚಿಕೊಂಡೆ. ಪೆನ್ನನ್ನು ಕರಡಿನ ಮೇಲೆ ಅಡ್ಡ ಇಟ್ಟೆ.

"ನಾನು ಕೇಳಿಸಿಕೊಳ್ಳದೇನೇ ಸರಿ ಅಂದೆ," ಅಂದೆ.